ಮರಿಗಳ ತುಟಿ ಮೇಲೆ ಹಕ್ಕಳೆ: ಸಿಡುಬಾ, ಓರ್ಫಾ? "ವೈರಸ್ ಬದಲಾಗಿದೆ" ಅನ್ನೋದು ನಿಜವಾ?

ಜೇವರ್ಗಿ ಕುರಿಗಾರ

ಎಲ್ಲರಿಗೂ ನಮಸ್ಕಾರ. ತೊಗರಿ ರಾಶಿ ಮುಗಿದ ಮೇಲೆ ಹಿಂಡನ್ನು ಭೀಮಾ ದಂಡೆಯ ಹೊಲಗಳಲ್ಲಿ ನಿಲ್ಲಿಸಿದ್ದೇವೆ. ಡೆಕ್ಕನಿ ಕುರಿ ಜಾಸ್ತಿ, ಜೊತೆಗೆ ಒಂದಷ್ಟು ಉಸ್ಮಾನಾಬಾದಿ ಆಡು. ಈಗ ಮರಿಗಳ ತುಟಿ ಮೇಲೆ, ಬಾಯಿಯ ಮೂಲೆಯಲ್ಲಿ ಗುಳ್ಳೆ ಎದ್ದು ದಪ್ಪ ಹಕ್ಕಳೆ ಕಟ್ಟಿದೆ. ಸ್ವಲ್ಪ ತಾಗಿದರೂ ರಕ್ತ ಬರುತ್ತದೆ. ಮೊಲೆ ಹಿಡಿಯಲು ಆಗದೆ ಮರಿಗಳು ಸೊರಗುತ್ತಿವೆ. ಕುರಿಮರಿಗಿಂತ ಆಡಿನ ಮರಿಗಳಲ್ಲಿ ಜೋರು.

ಸಂತೆಯಲ್ಲಿ ಒಬ್ಬ ದಲ್ಲಾಳಿ ಫೋಟೋ ನೋಡಿ, "ಇದು ಸಿಡುಬು. ವೈರಸ್ ಬದಲಾಗಿದೆ, ಈಗಿನ ಲಸಿಕೆ ನಾಟೋದಿಲ್ಲ" ಅಂದ. ನಾವು ಸಿಡುಬಿನ ಲಸಿಕೆ ಹಾಕಿಸಿದ್ದೇವೆ. ಹಾಗಾದರೆ ಹಾಕಿಸಿದ್ದೆಲ್ಲ ದಂಡವಾಯ್ತಾ? ಗೊತ್ತಿರುವವರು ಹೇಳಿ.

ನಿವೃತ್ತ ಪಶುವೈದ್ಯ, ಕಲಬುರಗಿ

ಫೋಟೋ ನೋಡಿ ರೋಗ ಹೇಳುವ ದಲ್ಲಾಳಿಗಳು ನಮ್ಮ ಕಡೆ ಬಹಳ. ನಾನು ಮೊದಲು ನಾಲ್ಕು ಪ್ರಶ್ನೆ ಕೇಳುತ್ತೇನೆ. ಮರಿಗಳಿಗೆ ಜ್ವರ ಇದೆಯಾ? ಬಾಲದ ಕೆಳಗೆ, ತೊಡೆ ಸಂದಿನಲ್ಲಿ, ಕೂದಲಿಲ್ಲದ ಚರ್ಮದ ಮೇಲೆ ಗಂಟು ಇವೆಯಾ? ಮೂಗಿನಿಂದ ಕೀವಿನಂಥ ಸಿಂಬಳ, ಜೊತೆಗೆ ಭೇದಿ ಇದೆಯಾ? ದೊಡ್ಡ ಕುರಿಗಳು ಹೇಗಿವೆ?

ಜೇವರ್ಗಿ ಕುರಿಗಾರ

ಜ್ವರ ಅಷ್ಟೇನಿಲ್ಲ ಸರ. ಭೇದಿ ಇಲ್ಲ. ಬಾಲದ ಕೆಳಗೆ ಏನೂ ಇಲ್ಲ. ಎರಡು ಈದ ಕುರಿಗಳ ಮೊಲೆಯ ಮೇಲೆ ಅಂಥದೇ ಗುಳ್ಳೆ ಇವೆ. ಮಿಕ್ಕ ದೊಡ್ಡವು ಚೆನ್ನಾಗಿ ಮೇಯುತ್ತಿವೆ.

ನಿವೃತ್ತ ಪಶುವೈದ್ಯ, ಕಲಬುರಗಿ

ಹಾಗಾದರೆ ಇದು ಸಿಡುಬು ಆಗಿರುವ ಸಾಧ್ಯತೆ ಕಡಿಮೆ. ಓರ್ಫ್ ಅನ್ನಿಸುತ್ತಿದೆ. ನಮ್ಮ ಪುಸ್ತಕಗಳಲ್ಲಿ ಸಾಂಕ್ರಾಮಿಕ ಎಕ್ತೈಮಾ ಅಂತ ಬರೆದಿರುತ್ತದೆ. ಜನ ಸುಮ್ನೆ ಬಾಯಿ ಹುಣ್ಣು ಅಂತಾರೆ.

ಸಿಡುಬಾದರೆ 40 ಡಿಗ್ರಿ ಸೆಲ್ಸಿಯಸ್ ದಾಟಿದ ಜ್ವರ ಬರುತ್ತದೆ, ಮೈಮೇಲೆ ಗಂಟು ಏಳುತ್ತವೆ. ಶ್ವಾಸಕೋಶದಲ್ಲೂ ಗಂಟಾಗಿ ಮರಿಗಳು ಬಹಳ ಸಾಯುತ್ತವೆ. ಓರ್ಫ್ ಹೆಚ್ಚಾಗಿ ತುಟಿ, ಮೂಗು, ಮೊಲೆ, ಕೆಲವೊಮ್ಮೆ ಗೊರಸಿನ ಮೇಲ್ಭಾಗದಲ್ಲಿ ನಿಲ್ಲುತ್ತದೆ. ಸಾಮಾನ್ಯವಾಗಿ ಮೂರ್ನಾಲ್ಕು ವಾರದಲ್ಲಿ ತಾನೇ ಒಣಗುತ್ತದೆ. ಮರಿ ಸಾಯುವುದು ಹಸಿವಿನಿಂದ, ಇಲ್ಲವೇ ಗಾಯಕ್ಕೆ ಕೀವು, ಹುಳ ಬಿದ್ದು. ಮಳೆಗಾಲ ಮುಗಿಯುವಾಗ ಮುಖ ಬಾತು, ಕುಂಟು ಬಂದರೆ ನೀಲಿ ನಾಲಿಗೆ ರೋಗವನ್ನೂ ನೆನಪಿಡಬೇಕು. ಪಿಪಿಆರ್‌ನಿಂದ (ಕುರಿ-ಆಡುಗಳ ಪ್ಲೇಗ್) ಚೇತರಿಸಿಕೊಳ್ಳುವ ಆಡುಗಳ ತುಟಿ ಮೇಲೂ ಇಂಥದೇ ಹಕ್ಕಳೆ ಕಟ್ಟುತ್ತದೆ, ಅಲ್ಲಿ ಹಳೇ ವೈದ್ಯರೂ ಮೋಸ ಹೋಗುತ್ತಾರೆ. ಆದ್ದರಿಂದ ಪರೀಕ್ಷೆ ಬೇಕು.

ಲಸಿಕೆ ವಿಷಯ. ನೀವು ಹಾಕಿಸಿದ್ದು ಸಿಡುಬಿಗೆ. ಅದು ಓರ್ಫ್ ತಡೆಯುವುದಿಲ್ಲ. ತಡೆಯಬೇಕು ಅಂತ ಯಾರೂ ಹೇಳಿಯೂ ಇಲ್ಲ.

ಹಟ್ಟಿ ಹಿರಿಯ, ಸುರಪುರ

ಡಾಕ್ಟರ್ ಹೇಳಿದ್ದು ಸರಿ ಇದೆ. ನಮ್ಮಲ್ಲಿ ಹಿಂದಿನವರು ಒಂದು ಉಪಾಯ ಮಾಡುತ್ತಿದ್ದರು. ಬಂದ ಹಕ್ಕಳೆಯನ್ನು ಅರೆದು, ಮಿಕ್ಕ ಮರಿಗಳ ತೊಡೆಯ ಒಳಗೆ ಗೀರಿ ತಿಕ್ಕುವುದು. ಅಲ್ಲಿ ಸಣ್ಣ ಹುಣ್ಣಾಗಿ ಹೋಗುತ್ತದೆ, ಬಾಯಿಗೆ ಬರುವುದಿಲ್ಲ. ಅದನ್ನೇ ಮಾಡಬಹುದಲ್ಲ?

ಸೂಕ್ಷ್ಮಜೀವಿ, ಬೀದರ್

ಅಜ್ಜಾರೇ, ನೀವು ಹೇಳಿದ್ದು ಹೊರದೇಶಗಳಲ್ಲಿ ಮಾರುವ ಓರ್ಫ್ ಲಸಿಕೆಯ ವಿಧಾನವೇ. ಬ್ರಿಟನ್, ಆಸ್ಟ್ರೇಲಿಯಾಗಳಲ್ಲಿ ಜೀವಂತ ವೈರಸ್ಸನ್ನು ಚರ್ಮ ಗೀರಿ ಹಾಕುತ್ತಾರೆ. ಆದರೆ ಅಲ್ಲೂ ಒಂದು ಕಟ್ಟುನಿಟ್ಟಿದೆ: ರೋಗ ಇಲ್ಲದ ಹಿಂಡಿಗೆ ಹಾಕಬಾರದು. ಹಾಕಿದರೆ ನಾವೇ ರೋಗ ತಂದಂತೆ. ಆ ಹಕ್ಕಳೆ ಉದುರಿದ ಜಾಗದಲ್ಲಿ ವೈರಸ್ ತಿಂಗಳುಗಟ್ಟಲೆ ಬದುಕಿರುತ್ತದೆ, ಒಣ ಜಾಗದಲ್ಲಿ ಇನ್ನೂ ಹೆಚ್ಚು ಕಾಲ. ಮನೆಯಲ್ಲಿ ಅರೆದ ಹಕ್ಕಳೆಯ ಜೊತೆ ಬೇರೆ ರೋಗಾಣುಗಳೂ ಒಳಗೆ ಹೋಗುತ್ತವೆ. ದಯವಿಟ್ಟು ಬೇಡ.

ಈಗ "ವೈರಸ್ ಬದಲಾಗಿದೆ" ಅನ್ನುವ ಮಾತಿಗೆ ಬರುತ್ತೇನೆ. ನಾನು ಇದನ್ನೇ ಓದುತ್ತಿರುವುದರಿಂದ ಸ್ವಲ್ಪ ಉದ್ದ ಆಗುತ್ತದೆ, ತಾಳ್ಮೆ ಇರಲಿ.

ಸಿಡುಬು ಮತ್ತು ಓರ್ಫ್ ಎರಡೂ ಪಾಕ್ಸ್ ವೈರಸ್ ಕುಟುಂಬದವೇ. ಆದರೆ ಕುಲ ಬೇರೆ. ಕುರಿ ಸಿಡುಬು, ಆಡಿನ ಸಿಡುಬು, ದನಗಳ ಚರ್ಮಗಂಟು ರೋಗ, ಈ ಮೂರೂ ಕ್ಯಾಪ್ರಿಪಾಕ್ಸ್ ಕುಲದ ವೈರಸ್ಸುಗಳಿಂದ ಬರುತ್ತವೆ. ಮೂರರ ಡಿಎನ್‌ಎ ಶೇಕಡಾ 96–97ರಷ್ಟು ಒಂದೇ. ಅದಕ್ಕೇ 2022ರಲ್ಲಿ ಚರ್ಮಗಂಟು ರೋಗ ಹರಡಿದಾಗ ನಮ್ಮ ದನಗಳಿಗೆ ಆಡಿನ ಸಿಡುಬಿನ ಲಸಿಕೆ ಹಾಕಿದ್ದು. ಓರ್ಫ್ ಇರುವುದು ಪ್ಯಾರಾಪಾಕ್ಸ್ ಕುಲದಲ್ಲಿ. ಡಿಎನ್‌ಎಯ ನಾಲ್ಕು ಅಕ್ಷರಗಳಲ್ಲಿ ಜಿ ಮತ್ತು ಸಿ ಸೇರಿ ಓರ್ಫ್‌ನಲ್ಲಿ ಸುಮಾರು ಶೇ 64, ಸಿಡುಬಿನಲ್ಲಿ ಸುಮಾರು ಶೇ 25 ಮಾತ್ರ. ಅಷ್ಟು ದೂರದ ನೆಂಟರು. ಹಾಗಾಗಿ ಲಸಿಕೆ ನಾಟದೆ ಇದ್ದದ್ದಕ್ಕೆ ವೈರಸ್ ಬದಲಾಗಬೇಕಾದ ಅಗತ್ಯವೇ ಇಲ್ಲ. ಅದು ಮೊದಲಿನಿಂದಲೂ ಬೇರೆ ವೈರಸ್.

ಚಿಂಚೋಳಿ ಮೇಷ್ಟ್ರು

ಅಂದರೆ ಓರ್ಫ್ ವೈರಸ್ ಬದಲಾಗುವುದೇ ಇಲ್ಲವಾ? ಹೋದ ತಿಂಗಳು ಪೇಪರಲ್ಲಿ ಎಲ್ಲೋ "ತಳೀಯ ವೈವಿಧ್ಯ" ಅಂತ ಓದಿದ ನೆನಪು. ಒಂದು ಕಡೆ ವೈವಿಧ್ಯ ಅಂತೀರಿ, ಇನ್ನೊಂದು ಕಡೆ ಬದಲಾಗಿಲ್ಲ ಅಂತೀರಿ.

ಸೂಕ್ಷ್ಮಜೀವಿ, ಬೀದರ್

ಒಳ್ಳೇ ಪ್ರಶ್ನೆ ಮೇಷ್ಟ್ರೇ. ಬದಲಾಗುತ್ತದೆ, ಆದರೆ ನಿಧಾನ. ಎಲ್ಲಾ ಕಡೆ ಒಂದೇ ಸಮ ಅಲ್ಲ.

ಪಿಪಿಆರ್ ವೈರಸ್ ಆರ್‌ಎನ್‌ಎಯದ್ದು. ಸುಮಾರು 16,000 ಅಕ್ಷರ ಉದ್ದ. ಕಾಲುಬಾಯಿ ಜ್ವರದ್ದು ಇನ್ನೂ ಗಿಡ್ಡ, 8,000ದ ಸುಮಾರು. ಇವು ನಕಲು ಮಾಡುವಾಗ ಆದ ತಪ್ಪನ್ನು ತಿದ್ದಿಕೊಳ್ಳುವುದಿಲ್ಲ. ಕಾಲುಬಾಯಿ ಜ್ವರದಲ್ಲಿ 7 ಸೀರೋಟೈಪ್, ಅಂದರೆ 7 ಬಗೆಯ ವೈರಸ್, ಇರುವುದೂ, ಒಂದಕ್ಕೆ ಹಾಕಿದ ಲಸಿಕೆ ಇನ್ನೊಂದಕ್ಕೆ ನಾಟದಿರುವುದೂ ನಿಮಗೆ ಗೊತ್ತು. ಓರ್ಫ್ ಡಿಎನ್‌ಎ ವೈರಸ್. ಸುಮಾರು 1,38,000 ಅಕ್ಷರ, 130ರ ಆಸುಪಾಸು ಜೀನುಗಳು. ನಕಲು ಮಾಡುವ ಕಿಣ್ವವೇ ತಪ್ಪು ತಿದ್ದುತ್ತಾ ಹೋಗುತ್ತದೆ. ಒಂದು ವರ್ಷದಲ್ಲಿ ವೇಷ ಬದಲಿಸಿ ಬರುವ ಜಾತಿ ಇದಲ್ಲ.

ಆದರೂ ವೈವಿಧ್ಯ ಇದೆ. ಜೀನೋಮಿನ, ಅಂದರೆ ವೈರಸ್ಸಿನ ಇಡೀ ಡಿಎನ್‌ಎಯ, ನಡುವಿನ ಭಾಗದಲ್ಲಿ ವೈರಸ್ ಬದುಕಲು ಬೇಕೇಬೇಕಾದ ಜೀನುಗಳಿವೆ, ಅವು ಹೆಚ್ಚು ಬದಲಾಗುವುದಿಲ್ಲ. ಎರಡೂ ತುದಿಗಳಲ್ಲಿ ಇರುವುದು ಕುರಿಯ ರಕ್ಷಣಾ ವ್ಯವಸ್ಥೆಯ ಜೊತೆ ಗುದ್ದಾಡುವ ಜೀನುಗಳು. ವ್ಯತ್ಯಾಸ ಜಾಸ್ತಿ ಅಲ್ಲೇ.

ಅವುಗಳಲ್ಲಿ ಎರಡು ನನಗೆ ಭಾಳ ಇಷ್ಟ. ಒಂದು ವಿಇಜಿಎಫ್ ಜೀನು. ಹೊಸ ರಕ್ತನಾಳ ಬೆಳೆಸುವ ಪ್ರೋಟೀನನ್ನು ವೈರಸ್ಸೇ ತಯಾರಿಸುತ್ತದೆ. ಜೇವರ್ಗಿ ಅಣ್ಣ "ತಾಗಿದರೂ ರಕ್ತ ಬರುತ್ತದೆ" ಅಂದರಲ್ಲ, ಹುಣ್ಣಿನ ಜಾಗ ಅಷ್ಟು ಕೆಂಪಾಗಿ, ಹೂಕೋಸಿನ ಹಾಗೆ ಉಬ್ಬುವುದರ ಹಿಂದೆ ಇದರ ಕೈವಾಡ ಇದೆ. ನ್ಯೂಜಿಲೆಂಡಿನ ಎರಡು ಓರ್ಫ್ ವೈರಸ್ ತಳಿಗಳಲ್ಲಿ ಈ ಪ್ರೋಟೀನ್ ಹೋಲಿಸಿದಾಗ ಅರ್ಧದಷ್ಟೂ ತಾಳೆಯಾಗಲಿಲ್ಲ. ಒಂದೇ ವೈರಸ್, ಒಂದೇ ಕೆಲಸ, ಆದರೂ ಇಷ್ಟು ವ್ಯತ್ಯಾಸ!

ಇನ್ನೊಂದು ಐಎಲ್-10. ಇದು ಕುರಿಯ ಮೈಯಲ್ಲೇ ಇರುವ ಪ್ರೋಟೀನ್, ಉರಿಯೂತವನ್ನು ತಣ್ಣಗಾಗಿಸುತ್ತದೆ. ಓರ್ಫ್ ವೈರಸ್ ಯಾವುದೋ ಕಾಲದಲ್ಲಿ ಪ್ರಾಣಿಯ ಆ ಜೀನನ್ನೇ ಎತ್ತಿಕೊಂಡು ತನ್ನದಾಗಿಸಿಕೊಂಡಿದೆ. ಕುರಿಯದಕ್ಕೂ ವೈರಸ್ಸಿನದಕ್ಕೂ ಸುಮಾರು ಶೇ 80 ಹೋಲಿಕೆ. ಕುರಿಯ ಮಾತಲ್ಲೇ ಕುರಿಯ ರಕ್ಷಣಾ ಕಣಗಳಿಗೆ "ಸುಮ್ಮನಿರಿ" ಅಂತ ಹೇಳುತ್ತದೆ. ಒಮ್ಮೆ ಓರ್ಫ್ ಬಂದ ಕುರಿಗೆ ಮತ್ತೆ ಬರಲು ಇಂಥ ಜೀನುಗಳೂ ಕಾರಣ.

ಹುಮನಾಬಾದ್ ಆಡು ಸಾಕಣೆ

ಅಕ್ಕಾ, ಒಂದು ಅನುಮಾನ. ಕುರಿಗೆ ಬರುವುದೂ ಆಡಿಗೆ ಬರುವುದೂ ಒಂದೇ ಓರ್ಫಾ? ನನ್ನ ಹತ್ತಿರ ಆಡು ಮಾತ್ರ. ಪಕ್ಕದ ಹೊಲದಲ್ಲಿ ಕುರಿ ಹಿಂಡು ಬಂದು ಹೋದ ಮೇಲೆ ನಮ್ಮ ಮರಿಗಳಿಗೆ ಬಂತು. ಅವರನ್ನು ಬೈಯುವುದಾ ಬೇಡವಾ?

ಸೂಕ್ಷ್ಮಜೀವಿ, ಬೀದರ್

ಬೈಯುವ ಮುಂಚೆ ಇದು ಕೇಳಿ.

ವೈರಸ್ ಒಂದೇ. ಕುರಿಯಿಂದ ಆಡಿಗೆ, ಆಡಿನಿಂದ ಕುರಿಗೆ ದಾಟುತ್ತದೆ. ಆದರೆ ಪೂರ್ತಿ ಜೀನೋಮ್ ಓದಿ ಹೋಲಿಸಿದಾಗ ಕುರಿಯಿಂದ ತೆಗೆದ ತಳಿಗಳು ವೈರಸ್ಸಿನ ವಂಶವೃಕ್ಷದ ಒಂದು ಕೊಂಬೆಗೆ, ಆಡಿನಿಂದ ತೆಗೆದವು ಇನ್ನೊಂದು ಕೊಂಬೆಗೆ ಹೋಗುತ್ತವೆ. ಅಮೆರಿಕದಲ್ಲಿ 2004ರಲ್ಲಿ ಎರಡು ತಳಿಗಳ ಜೀನೋಮ್ ಪ್ರಕಟಿಸಿದ್ದರು. ಒಂದು ಅಯೋವಾದ ಕುರಿಮರಿಯದು, ಇನ್ನೊಂದು ಟೆಕ್ಸಾಸಿನ ಆಡಿನ ಮರಿಯದು. ಅವೆರಡರ ನಡುವೆ ಹೆಚ್ಚು ವ್ಯತ್ಯಾಸ ಕಂಡದ್ದು ನಾನು ಮೇಲೆ ಹೇಳಿದ ತುದಿಗಳಲ್ಲೇ. ಆಮೇಲೆ ಚೀನಾದ ಜೀನೋಮುಗಳು ಸೇರಿದಾಗ ಈ ಕವಲು ಇನ್ನೂ ಸ್ಪಷ್ಟವಾಯ್ತು. ಅಂದರೆ ವೈರಸ್ ದಾಟುತ್ತದೆ, ಆದರೆ ಒಂದೊಂದು ಪ್ರಾಣಿಯಲ್ಲಿ ಬಹಳ ಕಾಲ ಸುತ್ತಿ ಅದಕ್ಕೆ ಒಗ್ಗಿಕೊಂಡ ಗುರುತೂ ಉಳಿಯುತ್ತದೆ.

ನಿಮ್ಮ ಆಡಿಗೆ ಎಲ್ಲಿಂದ ಬಂತು ಅಂತ ಹೇಳಲು ನಿಮ್ಮ ಮರಿಯ ಹಕ್ಕಳೆಯೂ ಬೇಕು, ಆ ಕುರಿಗಳದ್ದೂ ಬೇಕು. ನಿಮ್ಮ ಕೊಟ್ಟಿಗೆಯ ನೆಲದಲ್ಲೇ ಹೋದ ವರ್ಷದ ಹಕ್ಕಳೆ ಇದ್ದಿರಬಹುದು. ಸಂತೆಯಿಂದ ತಂದ ಹೋತನೂ ತಂದಿರಬಹುದು.

ಚಿಂಚೋಳಿ ಮೇಷ್ಟ್ರು

ಸರಿ, ಹಾಗಾದರೆ ಹಕ್ಕಳೆ ಕೊಟ್ಟರೆ ನೀವು ಪೂರ್ತಿ ಜೀನೋಮ್ ಓದುತ್ತೀರಾ? ಅಥವಾ ಒಂದು ಜೀನು ಓದಿ ಮರದ ಚಿತ್ರ ಬಿಡಿಸಿ ಪೇಪರ್ ಬರೆಯುತ್ತೀರಾ? ಕೋಪ ಮಾಡಿಕೊಳ್ಳಬೇಡಿ. ಮರ ಬಿಡಿಸಿದರೆ ಮರಿ ಬದುಕುತ್ತಾ?

ಸೂಕ್ಷ್ಮಜೀವಿ, ಬೀದರ್

ಕೋಪ ಇಲ್ಲ. ಬಹಳ ಅಧ್ಯಯನಗಳಲ್ಲಿ ಓದುವುದು ಬಿ2ಎಲ್ ಅನ್ನುವ ಒಂದೇ ಜೀನನ್ನು. ವೈರಸ್ಸಿನ ಹೊರಪೊರೆಯ ಪ್ರೋಟೀನಿನ ಜೀನು ಅದು, 1,137 ಅಕ್ಷರ. ಪಿಸಿಆರ್‌ಗೆ ಬಹಳ ಅನುಕೂಲ, ಏಕೆಂದರೆ ಎಲ್ಲ ಕಡೆಯ ಓರ್ಫ್‌ನಲ್ಲೂ ಹೆಚ್ಚುಕಮ್ಮಿ ಒಂದೇ ಥರ ಇದೆ. ಅದೇ ಅದರ ತೊಂದರೆ ಕೂಡ. ನಮ್ಮ ಕಡೆಯ ಅಡ್ಡಹೆಸರಿನ ಹಾಗೆ: ಯಾವ ಮನೆತನ ಅಂತ ಗೊತ್ತಾಗುತ್ತದೆ, ಯಾವ ಓಣಿಯ ಯಾವ ಮನೆ ಅಂತ ಗೊತ್ತಾಗುವುದಿಲ್ಲ. ಬೀದರಿನ ಒಂದು ಮಾದರಿ ದೂರದ ಯಾವುದೋ ದೇಶದ ಮಾದರಿಯ ಜೊತೆ ಶೇ 99 ಹೊಂದಿತು ಅಂದ ಕೂಡಲೇ "ರೋಗ ಅಲ್ಲಿಂದ ಬಂತು" ಅಂತ ಬರೆಯುವುದು ನನಗೂ ಒಪ್ಪಿಗೆ ಇಲ್ಲ. ಎಫ್1ಎಲ್, ವಿಐಆರ್, ಜಿಐಎಫ್ ಥರದ ಜೀನುಗಳನ್ನೂ ಸೇರಿಸಿ ನೋಡಿದರೆ ಚಿತ್ರ ಸ್ವಲ್ಪ ಬಿಡಿಬಿಡಿಯಾಗಿ ಕಾಣುತ್ತದೆ. ಪೂರ್ತಿ ಜೀನೋಮ್ ಆದರೆ ಎಲ್ಲಕ್ಕಿಂತ ಒಳ್ಳೇದು.

ಮರಿ ಬದುಕುತ್ತಾ? ಈ ಮರಿಗೆ ಇದರಿಂದ ಉಪಯೋಗ ಇಲ್ಲ, ಅದನ್ನು ನೇರವಾಗಿ ಹೇಳಿಬಿಡುತ್ತೇನೆ. ಆದರೆ ನಾಳೆ ಲಸಿಕೆ ಮಾಡುವಾಗ ಯಾವ ತಳಿ ಹಾಕಬೇಕು ಅನ್ನುವ ಪ್ರಶ್ನೆ ಬರುತ್ತದೆ. ಕುರಿಯಿಂದ ತೆಗೆದ ತಳಿ ಉಸ್ಮಾನಾಬಾದಿ ಆಡಿನ ಮರಿಯನ್ನು ಅಷ್ಟೇ ಚೆನ್ನಾಗಿ ಕಾಯುತ್ತದಾ ಅಂತ ನೋಡಬೇಕಾಗುತ್ತದೆ. ಮುಕ್ತೇಶ್ವರದ ಐವಿಆರ್‌ಐನಲ್ಲಿ (ಭಾರತೀಯ ಪಶುವೈದ್ಯಕೀಯ ಸಂಶೋಧನಾ ಸಂಸ್ಥೆ) ನಮ್ಮ ದೇಶದ್ದೇ ಒಂದು ಓರ್ಫ್ ತಳಿಯ ಮೇಲೆ ಲಸಿಕೆಗಾಗಿ ಕೆಲಸ ಮಾಡಿದ್ದಾರೆ. ಅಂಥ ಕೆಲಸಕ್ಕೆ ನಮ್ಮ ಕಡೆಯ ಮಾದರಿಗಳು ಇಲ್ಲದಿದ್ದರೆ ನಮ್ಮ ಕುರಿಗಳು ಲೆಕ್ಕಕ್ಕೇ ಬರುವುದಿಲ್ಲ.

ನಿವೃತ್ತ ಪಶುವೈದ್ಯ, ಕಲಬುರಗಿ

ಸಿಡುಬಿನಲ್ಲೂ ಇದೇ ಪಾಠ ಇದೆ ಮೇಷ್ಟ್ರೇ. ಕುರಿಯಲ್ಲಿ ಕಂಡರೆ ಕುರಿ ಸಿಡುಬು, ಆಡಿನಲ್ಲಿ ಕಂಡರೆ ಆಡಿನ ಸಿಡುಬು ಅಂತ ನಾವು ಸರ್ವಿಸಿನಲ್ಲಿದ್ದಾಗ ಬರೆದುಬಿಡುತ್ತಿದ್ದೆವು, ಎಲ್ಲರೂ ಹಾಗೇ ಬರೆಯುತ್ತಿದ್ದರು. ಈಗ ಆರ್‌ಪಿಓ30 ಜೀನು ನೋಡುತ್ತಾರೆ. ಕುರಿ ಸಿಡುಬಿನ ವೈರಸ್ಸಿನಲ್ಲಿ ಆ ಜೀನಿನ 21 ಅಕ್ಷರ ಇರುವುದಿಲ್ಲ, ಆಡಿನದರಲ್ಲಿ ಇರುತ್ತವೆ. ಒಂದರ ವೈರಸ್ ಇನ್ನೊಂದರಲ್ಲಿ ಕಾಣಿಸಿಕೊಳ್ಳುವುದೂ ಉಂಟು. ಲಸಿಕೆಯಲ್ಲೂ ಎರಡು ಬೇರೆ ಇವೆ: ಕುರಿಗೆ ರುಮೇನಿಯನ್ ಫ್ಯಾನಾರ್, ರಾಣಿಪೇಟೆ, ಶ್ರೀನಗರದ ತಳಿಗಳು ಬಳಕೆಯಲ್ಲಿವೆ, ಆಡಿಗೆ ಉತ್ತರಕಾಶಿ ತಳಿ. ಮಿಶ್ರ ಹಿಂಡು ಇರುವವರು ಬಾಟಲಿಯ ಮೇಲೆ ಏನು ಬರೆದಿದೆ ಅಂತ ಒಂದು ಸಲ ಕಣ್ಣಾಡಿಸಿ. ಕೇಳುವುದರಲ್ಲಿ ನಾಚಿಕೆ ಏನೂ ಇಲ್ಲ.

ಇನ್ನೊಂದು. ಸಿಡುಬು, ಪಿಪಿಆರ್ ಎರಡೂ 2009ರ ಪ್ರಾಣಿ ಸಾಂಕ್ರಾಮಿಕ ರೋಗಗಳ ಕಾಯ್ದೆಯ ಪಟ್ಟಿಯಲ್ಲಿವೆ. ಅನುಮಾನ ಬಂದರೆ ತಿಳಿಸಲೇಬೇಕು. "ಅದು ಬರೀ ಬಾಯಿ ಹುಣ್ಣು" ಅಂತ ನೀವೇ ತೀರ್ಮಾನ ಮಾಡಿ ಸುಮ್ಮನೆ ಕೂತರೂ ತಪ್ಪು, ದಲ್ಲಾಳಿ ಮಾತು ಕೇಳಿ ಸಿಡುಬು ಅಂತ ಹೆದರಿ ಅರ್ಧ ಬೆಲೆಗೆ ಮಾರಿದರೂ ತಪ್ಪು. ಆ ದಲ್ಲಾಳಿ ಮರಿ ಎಷ್ಟಕ್ಕೆ ಕೇಳಿದ?

ಜೇವರ್ಗಿ ಕುರಿಗಾರ

ಹೌದು ಸರ. "ಸಾಯೋ ಮುಂಚೆ ಕೊಟ್ಟುಬಿಡು" ಅಂತ ಅರ್ಧಕ್ಕಿಂತ ಕಡಿಮೆಗೇ ಕೇಳಿದ.

ಹಟ್ಟಿ ಹಿರಿಯ, ಸುರಪುರ

ಅದಕ್ಕೇ ವೈರಸ್ ಬದಲಾಗಿದ್ದು! 😄

ಹುಮನಾಬಾದ್ ಆಡು ಸಾಕಣೆ

ನನ್ನ ಗಂಡನ ಬೆರಳಿಗೂ ಇದು ಬಂದಿತ್ತು, ಎಲ್ಲರೂ ಕೇಳಿಸಿಕೊಳ್ಳಿ. ಮರಿಗೆ ಬಾಯಿ ತೆರೆದು ಔಷಧಿ ಕುಡಿಸುವಾಗ ತಗುಲಿದ್ದು. ಮೊದಲು ಕೆಂಪು ಗುಳ್ಳೆ, ಆಮೇಲೆ ದಪ್ಪ ಗಂಟು. ಒಂದು ಖಾಸಗಿ ದವಾಖಾನೆಯಲ್ಲಿ ಕೀವಿನ ಗಡ್ಡೆ ಅಂತ ಕೊಯ್ದರು. ಕೀವು ಬರಲಿಲ್ಲ, ಗಾಯ ಮಾತ್ರ ದೊಡ್ಡದಾಯ್ತು. ಆಮೇಲೆ ಚರ್ಮದ ಡಾಕ್ಟರೊಬ್ಬರು "ಆಡು ಸಾಕ್ತೀರಾ?" ಅಂತ ಮೊದಲ ಪ್ರಶ್ನೆ ಕೇಳಿದರು.

ನಿವೃತ್ತ ಪಶುವೈದ್ಯ, ಕಲಬುರಗಿ

ತಂಗಿ, ಇದನ್ನು ಬರೆದದ್ದು ಬಹಳ ಒಳ್ಳೇದಾಯ್ತು. ಸಿಡುಬು ಕುರಿಯಿಂದ ನಮಗೆ ಬರುವ ರೋಗವಲ್ಲ. ಓರ್ಫ್ ಬರುತ್ತದೆ. ಕೈಯಲ್ಲಿ ಗಾಯ, ಗೀರು ಇದ್ದರೆ ಬೇಗ. ಹೆಚ್ಚಾಗಿ ಬೆರಳು, ಮುಂಗೈ. ಸಾಮಾನ್ಯವಾಗಿ ಆರು ವಾರದ ಆಸುಪಾಸಿನಲ್ಲಿ ತಾನೇ ವಾಸಿ ಆಗುತ್ತದೆ, ಮನುಷ್ಯರಿಂದ ಮನುಷ್ಯರಿಗೆ ಹರಡುವುದು ಬಹಳ ಅಪರೂಪ. ಕೊಯ್ಯುವ ಅಗತ್ಯ ಇಲ್ಲ. ಟರ್ಕಿಯಲ್ಲಿ ಬಕ್ರೀದ್ ಆದ ಮೇಲೆ ಕೈಗೆ ಓರ್ಫ್ ಆಗಿ ಬಂದವರ ಬಗ್ಗೆ ವೈದ್ಯರು ಬರೆದಿದ್ದಾರೆ. ನಮ್ಮಲ್ಲೂ ಹಬ್ಬದ ಸಮಯದಲ್ಲಿ ಕೈಗವಸು ಹಾಕಿಕೊಳ್ಳುವುದು ಒಳ್ಳೇದು. ಕ್ಯಾನ್ಸರ್ ಔಷಧಿ ತೆಗೆದುಕೊಳ್ಳುವವರು, ರೋಗನಿರೋಧಕ ಶಕ್ತಿ ಕಡಿಮೆ ಇರುವವರು ಇಂಥ ಮರಿಗಳ ಹತ್ತಿರ ಹೋಗಬಾರದು. ಅವರಲ್ಲಿ ಗಂಟು ಬಹಳ ದೊಡ್ಡದಾಗುತ್ತದೆ.

ಜೇವರ್ಗಿ ಕುರಿಗಾರ

ಈಗ ಏನು ಮಾಡಲಿ ಹೇಳಿ ಸರ. ಮರಿ ಉಳಿಸಬೇಕು.

ನಿವೃತ್ತ ಪಶುವೈದ್ಯ, ಕಲಬುರಗಿ

ಹಕ್ಕಳೆ ಕಿತ್ತು ತೆಗೆಯಬೇಡಿ. ತಿಳಿ ಗುಲಾಬಿ ಬಣ್ಣದ ಪೊಟ್ಯಾಸಿಯಮ್ ಪರ್ಮಾಂಗನೇಟ್ ನೀರಲ್ಲಿ ತೊಳೆದು, ಬೋರಿಕ್ ಪುಡಿ ಕಲೆಸಿದ ಗ್ಲಿಸರಿನ್ ಹಚ್ಚಿ. ನೊಣ ಕೂರದ ಹಾಗೆ ಸುತ್ತ ಬೇವಿನೆಣ್ಣೆ ಸವರಿ. ಮೊಲೆ ಕುಡಿಯದ ಮರಿಗೆ ಹಾಲು ಕರೆದು ಬಾಟಲಿಯಲ್ಲಿ ಕುಡಿಸಿ. ಸ್ವಲ್ಪ ದೊಡ್ಡವಕ್ಕೆ ಜೋಳದ ಗಂಜಿ, ನೆನೆಸಿದ ತೌಡು. ಮೊಲೆಯಲ್ಲಿ ಗುಳ್ಳೆ ಇರುವ ಆ ಎರಡು ಕುರಿಗಳನ್ನು ದಿನಾ ನೋಡಿ. ನೋವಿಗೆ ಅವು ಮರಿಯನ್ನು ಒದೆಯುತ್ತವೆ, ಹಾಲು ನಿಂತು ಕೆಚ್ಚಲು ಬಾವು ಬರುತ್ತದೆ. ಕೀವಾಗಿದ್ದರೆ ಮಾತ್ರ ಡಾಕ್ಟರ್ ನೋಡಿ ಆ್ಯಂಟಿಬಯೋಟಿಕ್ ಕೊಡಲಿ. ವೈರಸ್ಸಿಗೆ ಅದು ಏನೂ ಮಾಡುವುದಿಲ್ಲ.

ಜಾಲಿ ಕಂಟಿ, ಒಣಗಿದ ತೊಗರಿ ಕಟ್ಟಿಗೆ ಚುಚ್ಚಿದ ಗಾಯದಿಂದಲೇ ವೈರಸ್ ಒಳಗೆ ಹೋಗುವುದು. ಸಾಧ್ಯವಾದರೆ ಮರಿಗಳನ್ನು ಅಂಥ ಹೊಲದಿಂದ ಆಚೆ ಇಡಿ. ಮುಂದಿನ ಊರಿಗೆ ಹಿಂಡು ಹೊಡೆಯುವ ಮುಂಚೆ ಹುಣ್ಣು ಒಣಗಲಿ. ಉದುರಿದ ಹಕ್ಕಳೆ ಗುಡಿಸಿ ಸುಟ್ಟುಬಿಡಿ. ಹಿಂಡು ಇದ್ದ ಜಾಗದಲ್ಲೇ ಡಾಕ್ಟರ್ ಬೇಕಾದರೆ ಪಶು ಸಹಾಯವಾಣಿ 1962ಕ್ಕೆ ಫೋನ್ ಮಾಡಿ.

ಚಿಂಚೋಳಿ ಮೇಷ್ಟ್ರು

ಸುಡುವ ಮುಂಚೆ ಒಂದಷ್ಟು ಬೀದರಿಗೆ ಹೋಗಲಿ ಅಲ್ವಾ? ಇಷ್ಟು ಕೇಳಿದ ಮೇಲೆ ನನಗೂ ಆ ಮರ ನೋಡುವ ಆಸೆ ಬಂದಿದೆ. ಜೇವರ್ಗಿ ಕುರಿದು ಯಾವ ಕೊಂಬೆ, ಹುಮನಾಬಾದ್ ಆಡಿದು ಯಾವ ಕೊಂಬೆ ಅಂತ.

ಸೂಕ್ಷ್ಮಜೀವಿ, ಬೀದರ್

ಹೋಗಲಿ! ಆದರೆ ನೀವೇ ತೆಗೆಯಬೇಡಿ, ನಿಮ್ಮ ಊರಿನ ಪಶುವೈದ್ಯರ ಕೈಯಲ್ಲಿ ತೆಗೆಸಿ. ಅವರ ಪತ್ರದ ಜೊತೆಗೇ ಬರಬೇಕು. ಕೈಗವಸು ಕಡ್ಡಾಯ. ತಾನಾಗಿ ಸಡಿಲವಾದ ಹಕ್ಕಳೆ ಸಾಕು, ಒಣ ಮುಚ್ಚಳದ ಡಬ್ಬಿಯಲ್ಲಿ ಹಾಕಿ ಐಸ್ ಪೆಟ್ಟಿಗೆಯಲ್ಲಿಡಿ. ಔಷಧಿ ಹಚ್ಚುವ ಮುಂಚೆ ತೆಗೆದರೆ ಒಳ್ಳೇದು. ಫಾರ್ಮಲಿನ್‌ನಲ್ಲಿ ಮುಳುಗಿಸಬೇಡಿ, ಡಿಎನ್‌ಎ ಹಾಳಾಗುತ್ತದೆ.

ಜೇವರ್ಗಿ ಅಣ್ಣಾ, ನಿಮ್ಮದು ಮಿಶ್ರ ಹಿಂಡು, ಅದೇ ನಮಗೆ ಬೇಕಾದದ್ದು. ಒಂದೇ ಜಾಗದಲ್ಲಿ ಒಂದೇ ಸಮಯಕ್ಕೆ ಕುರಿಮರಿಗೂ ಆಡಿನ ಮರಿಗೂ ಬಂದಿದೆ. ಎರಡರಲ್ಲೂ ಒಂದೇ ತಳಿ ಸಿಕ್ಕರೆ ಹಿಂಡಿನೊಳಗೇ ದಾಟಿದೆ ಅಂತ ಅನುಮಾನಿಸಲು ಆಧಾರ ಸಿಗುತ್ತದೆ. ಬೇರೆ ಬೇರೆ ಸಿಕ್ಕರೆ ಎರಡು ದಾರಿಯಿಂದ ಬಂದಿರಬಹುದು. ಆದ್ದರಿಂದ ಎರಡನ್ನೂ ಒಂದೇ ಡಬ್ಬಿಗೆ ಹಾಕಬೇಡಿ. ಡಬ್ಬಿ ಮೇಲೆ ಕುರಿಯೋ ಆಡೋ, ವಯಸ್ಸು, ಊರು, ತಾರೀಖು, ಹಿಂಡು ಹಿಂದೆ ಯಾವ ಊರಿನಲ್ಲಿತ್ತು, ಇಷ್ಟು ಬರೆಯಿಸಿ. ಹುಮನಾಬಾದಿನ ಅಕ್ಕಾ, ನಿಮ್ಮ ಮರಿಗಳದ್ದು ಒಣಗಿ ಹೋಗಿದ್ದರೂ ಪರವಾಗಿಲ್ಲ.

ಹುಮನಾಬಾದ್ ಆಡು ಸಾಕಣೆ

ಹಕ್ಕಳೆ ಇನ್ನೂ ಇವೆ, ಕೊಟ್ಟಿಗೆ ಗುಡಿಸಿಲ್ಲ. ಆ ಕುರಿ ಹಿಂಡಿನವರ ನಂಬರೂ ಇದೆ. ಫೋನ್ ಮಾಡಿ ಕೇಳುತ್ತೇನೆ, ಬೈಯುವುದಿಲ್ಲ.

ಜೇವರ್ಗಿ ಕುರಿಗಾರ

ನಾಳೆ ಬೆಳಿಗ್ಗೆ ನಮ್ಮ ಪಶು ಆಸ್ಪತ್ರೆಯ ಡಾಕ್ಟರ್ ಬರುತ್ತಾರೆ, ಮಾತಾಡಿದ್ದೇನೆ. ಒಂದು ಕೇಳಬೇಕಿತ್ತು ಅಕ್ಕಾ. ಆ ಎರಡು ಈದ ಕುರಿಗಳ ಮೊಲೆಯ ಮೇಲಿಂದಲೂ ತೆಗೆಸಲಾ, ಇಲ್ಲಾ ಮರಿಗಳ ತುಟಿದು ಸಾಕಾ?

ಸೂಕ್ಷ್ಮಜೀವಿ, ಬೀದರ್

ಮೊಲೆಯದ್ದೂ ಬೇಕು ಅಣ್ಣಾ. ಮೂರನೇ ಡಬ್ಬಿ ಇಟ್ಟುಕೊಳ್ಳಿ. ಆ ಕುರಿಯ ಮರಿ ಯಾವುದು ಅಂತ ಗುರುತು ಹಾಕಿಸಿ.